ಲೀಸ್ ಫ್ಲಾಟ್ ಕೊಳ್ಳುವಾಗ ಅಡುಗೆಮನೆಯನ್ನು ಕೊನೆಗೆ ನೋಡಿ

"ಅಕ್ಕಾ, ಮಗಳು ಲೀಡ್ಸ್‌ನಲ್ಲಿ ಫ್ಲಾಟ್ ಲೀಸಿಗೆ ತಗೊಳ್ತಾಳಂತೆ. ಒಳ್ಳೇದಲ್ವಾ? ಬಿಡುವಾಗ ದುಡ್ಡು ವಾಪಸ್ ಬರ್ತದಲ್ಲ?"

2025ರ ಮಳೆಗಾಲದಲ್ಲಿ ಕೊಡಗಿನ ಚೇರಂಬಾಣೆಯಿಂದ ತಮ್ಮ ಫೋನ್ ಮಾಡಿ ಹೀಗೆ ಕೇಳಿದ. ಅವನದ್ದೇನೂ ತಪ್ಪಿಲ್ಲ. ನಮ್ಮಲ್ಲಿ ಲೀಸ್ ಅಂದರೆ ಭೋಗ್ಯ. ಮಾಲೀಕನ ಕೈಗೆ ಒಂದಷ್ಟು ಲಕ್ಷ ಇಡುತ್ತೇವೆ, ಮೂರು ವರ್ಷ ಬಾಡಿಗೆ ಇಲ್ಲದೆ ಇರುತ್ತೇವೆ, ಬಿಡುವ ದಿನ ಅಷ್ಟೂ ದುಡ್ಡು ಎಣಿಸಿಕೊಂಡು ಬರುತ್ತೇವೆ. ಇಂಗ್ಲೆಂಡಿನ ಲೀಸ್‌ಹೋಲ್ಡ್‌ನಲ್ಲಿ ಹಾಗಲ್ಲ. ಅಲ್ಲಿ ಮನೆಯ ಪೂರ್ತಿ ಬೆಲೆ ಕೊಡುತ್ತೀರಿ, ಮೂವತ್ತು ಮೂವತ್ತೈದು ವರ್ಷದ ಸಾಲ ಮಾಡುತ್ತೀರಿ, ನೋಂದಣಿಯಲ್ಲಿ ನಿಮ್ಮ ಹೆಸರೂ ಬರುತ್ತದೆ. ಆದರೆ ನೀವು ಕೊಂಡಿದ್ದು ಇಂತಿಷ್ಟು ವರ್ಷ ಅಲ್ಲಿರುವ ಹಕ್ಕು. ನೆಲ, ಹೊರಗೋಡೆ, ಮೆಟ್ಟಿಲು, ಮಾಡು (ಛಾವಣಿ) ಸಾಮಾನ್ಯವಾಗಿ ಬೇರೆಯವರದ್ದು. ಅವರನ್ನು ಫ್ರೀಹೋಲ್ಡರ್ ಅನ್ನುತ್ತಾರೆ. ವರ್ಷ ಮುಗಿಯಲು ಬಿಟ್ಟರೆ ಮನೆ ಅವರಿಗೇ ಹೋಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲಾಟ್ ಅಂದರೆ ಬಹುತೇಕ ಹೀಗೇ. ಸ್ಕಾಟ್ಲೆಂಡ್‌ನಲ್ಲಿ ಈ ರಗಳೆ ಇಲ್ಲ.

ತಮ್ಮನಿಗೆ ಇದು ಅರ್ಥವಾಗಿದ್ದು ಬಾಣೆಯ, ಅಂದರೆ ನಮ್ಮ ಕಡೆ ಗದ್ದೆಗೆ ಸೇರಿದ ಮರಗಳಿರುವ ಜಾಗದ, ಉದಾಹರಣೆ ಕೊಟ್ಟಾಗ. ಅನ್‌ರಿಡೀಮ್ಡ್, ಅಂದರೆ ಸರ್ಕಾರಕ್ಕೆ ಮರದ ಬೆಲೆ ಕಟ್ಟದ, ಬಾಣೆಯಲ್ಲಿ ಕಾಫಿ ನಮ್ಮದು, ಮೆಣಸು ನಮ್ಮದು, ಬೇಲಿಯೂ ನಮ್ಮದೇ. ಆದರೆ ಮರಕ್ಕೆ ಕೊಡಲಿ ಹಾಕಲು ಹೋದರೆ ಅದು ಸರ್ಕಾರದ್ದು. ಮರದ ಬೆಲೆ ಕಟ್ಟಿದ ಮೇಲೇ ಅದು ರಿಡೀಮ್ಡ್. ಒಂದೇ ಜಾಗದಲ್ಲಿ ಇಬ್ಬರ ಹಕ್ಕು ಇರಬಹುದು ಅಂತ ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಹಾಗಾದ್ರೆ ಪಹಣಿ ನೋಡದೆ ಮುಂಗಡ ಕೊಡಬಾರದು ಅನ್ನು" ಅಂದ. ವಿಷಯ ಅಷ್ಟೇ.

ನಾನು ನರ್ಸ್ ಆಗಿ 16 ವರ್ಷ ಇಂಗ್ಲೆಂಡಿನಲ್ಲಿದ್ದು 2021ರಲ್ಲಿ ವಾಪಸ್ ಬಂದವಳು. 2009ರಲ್ಲಿ ರೆಡಿಂಗ್‌ನಲ್ಲಿ ಒಂದು ಫ್ಲಾಟ್ ಕೊಂಡಿದ್ದೆ. ಕಿಟಕಿಯಿಂದ ಒಂದು ದೊಡ್ಡ ಮರ ಕಾಣುತ್ತಿತ್ತು, ಆಸ್ಪತ್ರೆಗೆ ಬಸ್ಸಿತ್ತು. ನಾನು ನೋಡಿದ್ದು ಅಷ್ಟೇ. ಲೀಸ್ 1984ರಲ್ಲಿ ಶುರುವಾದ 99 ವರ್ಷದ್ದು. ಅಂದರೆ ನನ್ನ ಕೈಗೆ ಬಂದಾಗ 74 ಉಳಿದಿತ್ತು. ನನಗಾಗ 38. ಎಪ್ಪತ್ತನಾಲ್ಕು ವರ್ಷ ನನಗೆ ಸಾಕಲ್ಲ ಅಂದುಕೊಂಡೆ! ಮಾರಲು ಹೋದಾಗ 62 ಉಳಿದಿತ್ತು. ಕೊಳ್ಳಲು ಬಂದವರಿಗೆ ಬ್ಯಾಂಕ್ ಸಾಲ ಕೊಡಲಿಲ್ಲ. ಕೊನೆಗೆ ನಾನೇ ದುಡ್ಡು ಕೊಟ್ಟು ಲೀಸ್ ಬೆಳೆಸಿ, ಅಂದರೆ ವರ್ಷ ಹೆಚ್ಚಿಸಿಕೊಂಡು, ಮಾರಬೇಕಾಯಿತು. ನನ್ನ ವಕೀಲರು, ಫ್ರೀಹೋಲ್ಡರ್‌ನ ವಕೀಲರು, ಬೆಲೆ ಕಟ್ಟುವ ಸರ್ವೇಯರ್ ಎಲ್ಲ ಸೇರಿ 27 ಸಾವಿರ ಪೌಂಡ್ ಕೈಬಿಟ್ಟಿತು. 2011ರಲ್ಲೇ ಮಾಡಿದ್ದರೆ ಇದರ ಅರ್ಧವೂ ಆಗುತ್ತಿರಲಿಲ್ಲ.

ಹಾಗಾಗಿ ತಮ್ಮನ ಮಗಳು ವಾಟ್ಸಾಪ್‌ನಲ್ಲಿ ಮೂರು ಫ್ಲಾಟ್ ಕಳಿಸಿದಾಗ ಅಡುಗೆಮನೆಯ ಫೋಟೋಗಳನ್ನು ನಾನು ತೆರೆದೂ ನೋಡಲಿಲ್ಲ. ಮಡಿಕೇರಿಗೆ ಹೋಗಿ ಕಾಗದ ಪತ್ರಗಳನ್ನೆಲ್ಲ ಪ್ರಿಂಟ್ ತೆಗೆಸಿಕೊಂಡು ಬಂದೆ. ಮೂರು ದಿನ ಕರೆಂಟ್ ಇರಲಿಲ್ಲ. ತಮ್ಮನ ಮನೆಯ ಒಲೆ ಪಕ್ಕ ಕೂತು, ಕೆಂಪು ಪೆನ್ನಲ್ಲಿ ಗೀಚುತ್ತಾ ಓದಿದೆವು.

ಮೂರು ಫ್ಲಾಟ್

ಮೊದಲನೆಯದು ಮೂರಂತಸ್ತಿನ ಇಟ್ಟಿಗೆ ಕಟ್ಟಡದ ಮೇಲಿನ ಮಹಡಿ. ಒಟ್ಟು 18 ಮನೆ. ಬೆಲೆ 1,78,000 ಪೌಂಡ್. ಲೀಸ್ 1983ರಿಂದ 125 ವರ್ಷ. ಬಚ್ಚಲುಮನೆ ಅಜ್ಜಿ ಕಾಲದ್ದು, ಹಸಿರು ಟೈಲ್ಸ್.

ಎರಡನೆಯದು ನದಿ ಪಕ್ಕದ ಹೊಸ ಗೋಪುರದಲ್ಲಿ 9ನೇ ಮಹಡಿ. 2016ರಲ್ಲಿ ಕಟ್ಟಿದ್ದು, 250 ವರ್ಷದ ಲೀಸ್, 1,95,000 ಪೌಂಡ್. ಬಾಲ್ಕನಿ, ಜಿಮ್, ಕೆಳಗೆ ಸೂಟು ಹಾಕಿಕೊಂಡು ಕೂತ ಒಬ್ಬ ಮನುಷ್ಯ. ಹುಡುಗಿಗೆ ಇದರ ಮೇಲೇ ಮನಸ್ಸು.

ಮೂರನೆಯದು ವಿಕ್ಟೋರಿಯಾ ರಾಣಿ ಕಾಲದ ಒಂದು ಹಳೇ ಮನೆಯನ್ನು ನಾಲ್ಕು ಭಾಗ ಮಾಡಿದ್ದರಲ್ಲಿ ನೆಲಮಹಡಿ. 2,10,000 ಪೌಂಡ್. ಲೀಸ್ 999 ವರ್ಷ, ಜೊತೆಗೆ 'ಶೇರ್ ಆಫ್ ಫ್ರೀಹೋಲ್ಡ್'. ಅಂದರೆ ನಾಲ್ಕೂ ಮನೆಯವರು ಸೇರಿ ಮಾಡಿಕೊಂಡ ಕಂಪನಿಯ ಹೆಸರಲ್ಲೇ ನೆಲವೂ ಇದೆ.

ಮೊದಲು ವರ್ಷ ಎಣಿಸಿ

ಜಾಹೀರಾತಿನಲ್ಲಿ '125 ವರ್ಷದ ಲೀಸ್' ಅಂತ ಇರುತ್ತದೆ. ನಮಗೆ ಬೇಕಾಗಿದ್ದು ಉಳಿದದ್ದೆಷ್ಟು ಅನ್ನುವುದು. 1983ಕ್ಕೆ 125 ಸೇರಿಸಿದರೆ 2108. ಅಲ್ಲಿಂದ 2025 ಕಳೆದರೆ 83. ಈ ಲೆಕ್ಕಕ್ಕೆ ವಕೀಲರು ಬೇಡ.

83 ಅಂದರೆ ಸಾಕಷ್ಟು ಅನ್ನಿಸುತ್ತದೆ ಅಲ್ವಾ? ಆದರೆ ಅಲ್ಲಿ 80 ಒಂದು ಗಡಿ. ಲೀಸ್ 80 ವರ್ಷಕ್ಕಿಂತ ಕೆಳಗೆ ಇಳಿದ ಮೇಲೆ ಬೆಳೆಸಲು ಹೋದರೆ, ಬೆಳೆಸಿದ್ದರಿಂದ ಮನೆಗೆ ಎಷ್ಟು ಬೆಲೆ ಏರುತ್ತದೋ ಅದರಲ್ಲಿ ಅರ್ಧ ಫ್ರೀಹೋಲ್ಡರ್‌ಗೆ ಕೊಡಬೇಕು. ಅದಕ್ಕೆ 'ಮ್ಯಾರೇಜ್ ವ್ಯಾಲ್ಯೂ' ಅಂತ ಹೆಸರು. ಯಾವ ಮದುವೆಯೋ, ವರದಕ್ಷಿಣೆ ಕೊಟ್ಟಿದ್ದಂತೂ ನಾನು. ಹುಡುಗಿ ಮೊದಲನೇ ಫ್ಲಾಟ್ ಕೊಂಡು ಐದು ವರ್ಷ ಸುಮ್ನೆ ಕೂತರೆ 78ಕ್ಕೆ ಬರುತ್ತದೆ. ಆಗ ಅವಳೂ ನನ್ನ ಸಾಲಿಗೆ ಸೇರುತ್ತಾಳೆ.

ಒಂದು ಅನುಕೂಲ ಈಗ ಆಗಿದೆ. ಮೊದಲು ಕೊಂಡು ಎರಡು ವರ್ಷ ಆಗದೆ ಲೀಸ್ ಬೆಳೆಸುವ ಹಕ್ಕು ಬರುತ್ತಿರಲಿಲ್ಲ. 2025ರ ಜನವರಿ 31ರಿಂದ ಆ ನಿಯಮ ಹೋಯಿತು. ನೋಂದಣಿ ಮುಗಿದ ಕೂಡಲೇ ಅರ್ಜಿ ಹಾಕಬಹುದು. ಬೆಳೆಸಿದರೆ ಉಳಿದದ್ದಕ್ಕೆ 90 ವರ್ಷ ಸೇರುತ್ತದೆ. ಹಾಗಾಗಿ 83 ವರ್ಷದ ಫ್ಲಾಟ್ ಬೇಡ ಅಂತ ನಾನು ಹೇಳುವುದಿಲ್ಲ. ಬೆಳೆಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಕೇಳಿ. 80ಕ್ಕಿಂತ ಕಡಿಮೆ ಇದ್ದರೆ ಮಾತ್ರ, ಮಾರುವವರೇ ಬೆಳೆಸಿ ಕೊಡಲಿ ಅನ್ನಿ. ಒಪ್ಪದಿದ್ದರೆ ಬಿಟ್ಟು ಬನ್ನಿ.

2024ರಲ್ಲಿ ಹೊಸ ಕಾನೂನು ಪಾಸಾಗಿದೆ. ಅದರಲ್ಲಿ ಮ್ಯಾರೇಜ್ ವ್ಯಾಲ್ಯೂ ತೆಗೆದಿದ್ದಾರೆ, 90ರ ಬದಲು 990 ವರ್ಷ ಅಂತ ಬರೆದಿದ್ದಾರೆ. ಆದರೆ ನಾವು ಈ ಕಾಗದ ಓದುವಾಗ ಆ ಭಾಗ ಜಾರಿಗೆ ಬಂದಿರಲಿಲ್ಲ. 'ಕಾನೂನು ಬರುತ್ತೆ, ಕಾಯಿರಿ' ಅನ್ನುವ ಏಜೆಂಟರ ಮಾತು ನಂಬಬೇಡಿ. ನೀವು ಸಹಿ ಹಾಕುವ ದಿನ ಏನು ಜಾರಿಯಲ್ಲಿದೆ ಅಂತ ಸಾಲಿಸಿಟರ್ (ಮನೆ ವ್ಯವಹಾರ ನೋಡುವ ನಿಮ್ಮ ವಕೀಲರು) ಹತ್ತಿರ ಕೇಳಿ.

ಒಂದು ಕಾಳು ಮೆಣಸು

ನೆಲ ಬೇರೆಯವರದ್ದು ಅಂದ ಮೇಲೆ ನೆಲಬಾಡಿಗೆ, ಅಂದರೆ ಗ್ರೌಂಡ್ ರೆಂಟ್ ಇರುತ್ತದೆ. 2022ರ ಜೂನ್ 30ರಿಂದ ಈಚೆಗೆ ಮಾಡಿದ ಹೊಸ ಲೀಸ್‌ಗಳಿಗೆ ಸಾಮಾನ್ಯವಾಗಿ ಇದು ಇಲ್ಲ. ಕಾಗದದಲ್ಲಿ 'ಪೆಪ್ಪರ್‌ಕಾರ್ನ್' ಅಂತ ಬರೆದಿರುತ್ತಾರೆ. ಒಂದು ಕಾಳು ಮೆಣಸು ಬಾಡಿಗೆ ಅಂತ ಅರ್ಥ, ಅಂದರೆ ಏನೂ ಇಲ್ಲ. ಇದನ್ನು ಹೇಳಿದಾಗ ತಮ್ಮನಿಗೆ ಸಿಟ್ಟೇ ಬಂತು. "ಏನೂ ಇಲ್ಲ ಅನ್ನೋದಕ್ಕೆ ಮೆಣಸೇ ಬೇಕಿತ್ತಾ ಇವರಿಗೆ? ಏಣಿ ಹತ್ತಿ ಒಂದು ದಿನ ಕೊಯ್ದು ನೋಡಲಿ!"

ಹಳೇ ಲೀಸ್‌ನ ಫ್ಲಾಟ್ ಕೊಂಡರೆ ಹಳೇ ಬಾಡಿಗೆಯೇ ಮುಂದುವರಿಯುತ್ತದೆ. ಮೊದಲನೆಯದಕ್ಕೆ ವರ್ಷಕ್ಕೆ 40 ಪೌಂಡ್, ಏರುವುದಿಲ್ಲ. ಲೀಸ್ ಬೆಳೆಸಿದ ದಿನ ಅದೂ ಹೋಗುತ್ತದೆ. ಎರಡನೆಯದಕ್ಕೆ 300 ಪೌಂಡ್. ಏಜೆಂಟ್ ಅಷ್ಟೇ ಹೇಳಿದ್ದು. ಲೀಸ್‌ನ 41ನೇ ಪುಟದ ಒಂದು ಮೂಲೆಯಲ್ಲಿ 'ಪ್ರತಿ 15 ವರ್ಷಕ್ಕೆ ದುಪ್ಪಟ್ಟು' ಅಂತ ಇತ್ತು. ಒಲೆ ಪಕ್ಕ ಹಾಳೆಯಲ್ಲಿ ಲೆಕ್ಕ ಹಾಕಿದೆವು. 2031ಕ್ಕೆ 600. 2046ಕ್ಕೆ 1,200. 2061ಕ್ಕೆ 2,400. ಅವಳ ಸಾಲ ತೀರಿ ನೆಮ್ಮದಿಯಾಗಿ ಕೂರುವ ಹೊತ್ತಿಗೆ ವರ್ಷಕ್ಕೆ 2,400 ಪೌಂಡ್, ಅದೂ ಬರೀ ನೆಲಕ್ಕೆ. ಅಷ್ಟೇ ಅಲ್ಲ, ಗ್ರೌಂಡ್ ರೆಂಟ್ ಮನೆ ಬೆಲೆಯ ಸಾವಿರದಲ್ಲೊಂದು ಪಾಲಿಗಿಂತ ಜಾಸ್ತಿ ಇದ್ದರೆ ಕೆಲವು ಬ್ಯಾಂಕುಗಳು ಮುಖ ತಿರುಗಿಸುತ್ತವೆ. ಇಲ್ಲಿ ಆ ಪಾಲು 195 ಪೌಂಡ್. 300 ಆಗಲೇ ದಾಟಿದೆ.

ಮಾಡು ಯಾರು ರಿಪೇರಿ ಮಾಡಿಸುತ್ತಾರೆ?

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಮೊದಲ ಬಾರಿ ಕೊಳ್ಳುವವರು ಎಡವುವುದು ಇಲ್ಲೇ.

ನಮ್ಮಲ್ಲಿ ಮಳೆ ಹಿಡಿಯುವ ಮೊದಲು ಹೆಂಚು ಕೈಯಾಡಿಸುತ್ತೇವೆ. ಒಡೆದದ್ದು ತೆಗೆದು ಹೊಸದು ಇಡುತ್ತೇವೆ. ಯಾವಾಗ, ಯಾರಿಂದ, ಎಷ್ಟಕ್ಕೆ ಅಂತ ನಾವೇ ತೀರ್ಮಾನ ಮಾಡುತ್ತೇವೆ. ಲೀಸ್‌ಹೋಲ್ಡ್‌ನಲ್ಲಿ ತೀರ್ಮಾನ ಅವರದ್ದು, ದುಡ್ಡು ನಮ್ಮದು. ಫ್ರೀಹೋಲ್ಡರ್ ನೇಮಿಸಿದ ಒಂದು ಮ್ಯಾನೇಜ್‌ಮೆಂಟ್ ಕಂಪನಿ ಮೆಟ್ಟಿಲು ಗುಡಿಸಿಸುತ್ತದೆ, ವಿಮೆ ಕಟ್ಟುತ್ತದೆ, ಲಿಫ್ಟ್ ನೋಡಿಕೊಳ್ಳುತ್ತದೆ. ಅದರ ಬಿಲ್ಲು ಸರ್ವಿಸ್ ಚಾರ್ಜ್ ಅಂತ ಬರುತ್ತದೆ. ಅದಕ್ಕೆ ಮೇಲ್ಮಿತಿ ಇಲ್ಲ. ನ್ಯಾಯವಾಗಿರಬೇಕು ಅಂತ ಕಾನೂನಿದೆ, ಅನ್ಯಾಯ ಅನ್ನಿಸಿದರೆ ಟ್ರಿಬ್ಯೂನಲ್‌ಗೆ ಹೋಗಬಹುದು. ಆದರೆ ರಾತ್ರಿ ಪಾಳಿ ಮಾಡುವ ನರ್ಸ್‌ಗೆ ಟ್ರಿಬ್ಯೂನಲ್‌ಗೆ ಅಲೆಯಲು ಪುರುಸೊತ್ತು ಎಲ್ಲಿ?

ನನ್ನ ಕಟ್ಟಡದಲ್ಲಿ 12 ಮನೆ. ಒಂದು ನವೆಂಬರ್‌ನಲ್ಲಿ ಕಾಗದ ಬಂತು. ಮಾಡು ಪೂರ್ತಿ ಬದಲಿಸಬೇಕು, ನಿಮ್ಮ ಪಾಲು 4,800 ಪೌಂಡ್. ಯಾವುದೇ ಮನೆಯವರ ಪಾಲು 250 ಪೌಂಡ್ ದಾಟುವ ಕೆಲಸವಾದರೆ ಮೊದಲು ಎಲ್ಲರನ್ನೂ ಕೇಳಬೇಕು. ಇದಕ್ಕೆ 'ಸೆಕ್ಷನ್ 20 ನೋಟಿಸ್' ಅನ್ನುತ್ತಾರೆ. ಕೇಳಿದರು, ನಾವು ಜಾಸ್ತಿಯಾಯಿತು ಅಂದೆವು, ಅವರು ಮಾಡಿಸಿದರು. ನಾನು ಆ ವರ್ಷ ಪುತ್ತರಿ ಹಬ್ಬಕ್ಕೆ ಊರಿಗೆ ಬರಲಿಲ್ಲ. ಟಿಕೆಟ್ ದುಡ್ಡು ಮಾಡಿನ ಮೇಲೆ ಇತ್ತು.

ಆದ್ದರಿಂದ ಮಾರುವವರ ಕಡೆಯಿಂದ ಮೂರು ವರ್ಷದ ಸರ್ವಿಸ್ ಚಾರ್ಜ್ ಲೆಕ್ಕ ತರಿಸಿ. ಅದು 'ಎಲ್‌ಪಿಇ1' ಅನ್ನುವ ಫಾರ್ಮ್ ಜೊತೆ ಬರುತ್ತದೆ. ಬರಲು ವಾರಗಟ್ಟಲೆ ಹಿಡಿಯುತ್ತದೆ, ಅದಕ್ಕೇ ಮೊದಲ ದಿನವೇ ಕೇಳಿ. ಬಂದ ಮೇಲೆ ಈ ವರ್ಷ ಎಷ್ಟು ಅನ್ನುವುದಕ್ಕಿಂತ ಹೇಗೆ ಏರಿದೆ ನೋಡಿ. ಮೊದಲನೇ ಫ್ಲಾಟ್‌ನಲ್ಲಿ 1,150, 1,210, 1,320. ಏರಿದೆ, ಆದರೆ ಕಾರಣ ಕಾಣುತ್ತದೆ, ವಿಮೆ. ಎರಡನೆಯದರಲ್ಲಿ 2,300, 2,750, 3,400. ತಿಂಗಳಿಗೆ 283 ಪೌಂಡ್. ಆ ಸೂಟು ಹಾಕಿದ ಮನುಷ್ಯನ ಸಂಬಳವೂ ಅದರಲ್ಲೇ ಇದೆ, ಹುಡುಗಿ ಹೋಗದ ಜಿಮ್ ಕೂಡ.

ಕಡಿಮೆ ಸರ್ವಿಸ್ ಚಾರ್ಜ್ ಒಳ್ಳೇದು ಅಂತಲೂ ಅಲ್ಲ. ಮೂರನೇ ಫ್ಲಾಟ್‌ಗೆ ಸರ್ವಿಸ್ ಚಾರ್ಜೇ ಇಲ್ಲ, 'ಬೇಕಾದಾಗ ನಾಲ್ವರೂ ಹಾಕಿಕೊಳ್ಳುತ್ತಾರೆ' ಅಂತ ಬರೆದಿದ್ದರು. ಕೇಳಲು ಚಂದ. ನಮ್ಮ ಐನ್‌ಮನೆಯ, ಅಂದರೆ ಇಡೀ ಕುಟುಂಬದ ಹಿರಿಯರ ಮನೆಯ, ಮಾಡು ರಿಪೇರಿಗೆ ಎಷ್ಟು ಜನ ಬೇಕಾದಾಗ ಹಾಕಿಕೊಂಡರು ಅಂತ ತಮ್ಮನನ್ನು ಕೇಳಿದೆ. ಅವನು ಒಲೆಗೆ ಸೌದೆ ಹಾಕಲು ಎದ್ದ.

ಹಾಗಾಗಿ ಕೇಳಬೇಕಾದ್ದು 'ರಿಸರ್ವ್ ಫಂಡ್ ಇದೆಯಾ, ಎಷ್ಟಿದೆ?' ಅಂತ. ಮೊದಲನೇ ಕಟ್ಟಡದಲ್ಲಿ 18 ಮನೆಗೆ 38,000 ಪೌಂಡ್ ಕೂಡಿಟ್ಟಿದ್ದರು. ಮನೆಗೆ 2,100 ಚಿಲ್ಲರೆ. ಪರವಾಗಿಲ್ಲ. ಆದರೆ ನಮ್ಮ ಫ್ಲಾಟ್ ಮೇಲಿನ ಮಹಡಿಯದ್ದು, ಮಾಡು ನೇರ ತಲೆ ಮೇಲೆ. ಹಾಗಾಗಿ ಸಾಲಿಸಿಟರ್ ಕಳಿಸುವ ಪ್ರಶ್ನೆಗಳಲ್ಲಿ ಏಳನೆಯದಾಗಿ ಇದನ್ನು ಸೇರಿಸಲು ಹೇಳಿದೆ: ಮುಂದಿನ ಮೂರು ವರ್ಷದಲ್ಲಿ ಮಾಡು, ಕಿಟಕಿ, ಮೆಟ್ಟಿಲು ಇವುಗಳ ಕೆಲಸ ಏನಾದರೂ ಇದೆಯಾ? ಇದ್ದರೆ ಅಂದಾಜು ಎಷ್ಟು, ಈಗಿನ ಮಾಲೀಕರು ಕೊಡುತ್ತಾರಾ?

ಗೋಪುರ ಬಿಟ್ಟಿದ್ದು ಯಾಕೆ

2017ರ ಜೂನ್ 14ರಂದು ಲಂಡನ್‌ನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿತ್ತು. 72 ಜನ ಸತ್ತರು. ಹೊರಗೋಡೆಗೆ ಹೊದಿಸಿದ್ದ ಕ್ಲ್ಯಾಡಿಂಗ್ ಹೊತ್ತಿಕೊಂಡು ಬೆಂಕಿ ಮಹಡಿಯಿಂದ ಮಹಡಿಗೆ ಏರಿತ್ತು. ನಾನಾಗ ಅಲ್ಲೇ ಇದ್ದೆ. ಆಸ್ಪತ್ರೆಯ ಊಟದ ಕೋಣೆಯ ಟಿವಿ ಮುಂದೆ ಯಾರೂ ಮಾತಾಡುತ್ತಿರಲಿಲ್ಲ. ಆಮೇಲೆ ದೇಶದ ತುಂಬ ಎತ್ತರದ ಕಟ್ಟಡಗಳ ಗೋಡೆ ಬಿಚ್ಚಿ ನೋಡುವ ಕೆಲಸ ಶುರುವಾಯಿತು. ಎಷ್ಟೋ ಫ್ಲಾಟುಗಳು ಮಾರಾಟವೇ ಆಗದೆ ನಿಂತವು.

ಎತ್ತರದ ಕಟ್ಟಡವಾದರೆ 'ಇಡಬ್ಲ್ಯುಎಸ್1' ಅನ್ನುವ ಫಾರ್ಮ್ ಕೇಳಿ. ಹೊರಗೋಡೆ ಪರೀಕ್ಷೆಯ ಫಲಿತಾಂಶ ಅದರಲ್ಲಿರುತ್ತದೆ. 'ಬಿ2' ಅಂತ ಇದ್ದರೆ ಗೋಡೆ ಕೆಲಸ ಬಾಕಿ ಇದೆ ಅಂತ. ನಮ್ಮ 9ನೇ ಮಹಡಿಯದ್ದಕ್ಕೆ ಬಿ2 ಇತ್ತು.

ಅಷ್ಟಕ್ಕೇ ಬಿಡಬೇಕಾಗಿಲ್ಲ. 2022ರ ಬಿಲ್ಡಿಂಗ್ ಸೇಫ್ಟಿ ಕಾನೂನಿನ ಪ್ರಕಾರ ಕನಿಷ್ಠ 11 ಮೀಟರ್ ಎತ್ತರ ಅಥವಾ ಕನಿಷ್ಠ ಐದು ಅಂತಸ್ತು ಇರುವ ಕಟ್ಟಡದಲ್ಲಿ, ಅರ್ಹ ಲೀಸ್ ಇರುವವರ ಮೇಲೆ ಕ್ಲ್ಯಾಡಿಂಗ್ ಖರ್ಚು ಹಾಕುವ ಹಾಗಿಲ್ಲ. ಇಲ್ಲಿ 'ಅರ್ಹ' ಅನ್ನುವ ಮಾತೇ ಮುಖ್ಯ. 2022ರ ಫೆಬ್ರವರಿ 14ರಂದು ಆ ಫ್ಲಾಟ್ ಯಾರ ಕೈಯಲ್ಲಿತ್ತು ಅನ್ನುವುದರ ಮೇಲೆ ಅದು ತೀರ್ಮಾನವಾಗುತ್ತದೆ. ಆವತ್ತಿನ ಮಾಲೀಕರು ಅಲ್ಲೇ ವಾಸವಿದ್ದರೆ ಸರಿ, ಇಲ್ಲವೇ ಬ್ರಿಟನ್‌ನಲ್ಲಿ ಒಟ್ಟು ಮೂರಕ್ಕಿಂತ ಜಾಸ್ತಿ ಮನೆ ಇಟ್ಟುಕೊಂಡಿರದಿದ್ದರೆ ಸರಿ. ನಮ್ಮ ಗೋಪುರದ ಮಾಲೀಕನಿಗೆ ಆವತ್ತು ಆರು ಫ್ಲಾಟ್ ಇತ್ತು, ಎಲ್ಲ ಬಾಡಿಗೆಗೆ. ಅಂದರೆ ಈ ಲೀಸ್‌ಗೆ ಆ ರಕ್ಷಣೆ ಇಲ್ಲ. ಅವನಿಂದ ನೀವು ಕೊಂಡರೂ ಇಲ್ಲ. ಎದುರು ಮನೆಯವರಿಗೆ ಇದೆ, ನಿಮಗಿಲ್ಲ. 'ಲೀಸ್‌ಹೋಲ್ಡರ್ ಡೀಡ್ ಆಫ್ ಸರ್ಟಿಫಿಕೇಟ್' ಅನ್ನುವ ಕಾಗದದಲ್ಲಿ ಇದು ಗೊತ್ತಾಗುತ್ತದೆ. ಅದಿಲ್ಲದೆ ಮುಂದುವರಿಯಬೇಡಿ.

ಇನ್ನೊಂದು, ನದಿ. 2015ರ ಕ್ರಿಸ್ಮಸ್ ಮರುದಿನ ಏರ್ ನದಿ ಉಕ್ಕಿ ಲೀಡ್ಸ್ ಊರೊಳಗೆ ನುಗ್ಗಿತ್ತು. 9ನೇ ಮಹಡಿಗೆ ನೀರು ಬರುವುದಿಲ್ಲ, ಸರಿ. ಆದರೆ ಲಿಫ್ಟಿನ ಮೋಟಾರು, ಕರೆಂಟಿನ ಪೆಟ್ಟಿಗೆ, ಕಾರು ನಿಲ್ಲಿಸುವ ಜಾಗ ಎಲ್ಲಿವೆ? ವಿಮೆ ಕಂತು ಯಾರ ಬಿಲ್ಲಿಗೆ ಸೇರುತ್ತದೆ? ಪ್ರತಿ ಮಳೆಗಾಲ ಭಾಗಮಂಡಲದ ಸಂಗಮ ತುಂಬುವುದನ್ನು ನೋಡುವ ನಮಗೆ ಇದು ತಕ್ಷಣ ಹೊಳೆಯುತ್ತದೆ. ಸರ್ಕಾರದ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ನೆರೆ ಅಪಾಯ ಎಷ್ಟು ಅಂತ ಪುಕ್ಕಟೆ ತೋರಿಸುತ್ತದೆ.

ಬಾಲ್ಕನಿ ಹೋಯಿತಲ್ಲ ಅಂತ ಹುಡುಗಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಹಳೇ ಮನೆಯ ಕಂಪನಿ

ಮೂರನೆಯದು ನನಗೆ ಇಷ್ಟವಾಗಿತ್ತು. ನೆಲದಲ್ಲೂ ಪಾಲು, 999 ವರ್ಷ, ಯಜಮಾನ ಅಂತ ಯಾರೂ ಇಲ್ಲ. ನಾಲ್ಕೇ ಮನೆ. ಆದರೆ ನೆಲ ಕಂಪನಿಯ ಹೆಸರಲ್ಲಿದೆ ಅಂದ ಮೇಲೆ ಕಂಪನಿ ಬದುಕಿದೆಯಾ ಅಂತ ನೋಡಬೇಕು. 'ಕಂಪನೀಸ್ ಹೌಸ್' ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು. ಚೇರಂಬಾಣೆಯಲ್ಲಿ ನೆಟ್‌ವರ್ಕ್ ಸಿಗುವುದು ತಮ್ಮನ ಕಣದ ಮೂಲೆಯಲ್ಲಿ ಮಾತ್ರ. ಕೊಡೆ ಹಿಡಿದು ಅಲ್ಲಿ ನಿಂತು ಹುಡುಕಿದೆ. ಲೆಕ್ಕಪತ್ರ ಸಲ್ಲಿಸದೆ ಎರಡು ವರ್ಷ ಆಗಿದೆ, ಕಂಪನಿಯನ್ನು ಪಟ್ಟಿಯಿಂದ ತೆಗೆಯುವ ನೋಟಿಸ್ ಹೊರಟಿದೆ. ತೆಗೆದು ಹಾಕಿದರೆ ಕಂಪನಿಯ ಆಸ್ತಿ, ಅಂದರೆ ಆ ನೆಲ, 'ಕ್ರೌನ್'ಗೆ, ಅಂದರೆ ಸರ್ಕಾರದ ಖಾತೆಗೆ ಹೋಗುತ್ತದೆ. ವಾಪಸ್ ತರಿಸಬಹುದು, ಆದರೆ ವಕೀಲರು ಬೇಕು, ತಿಂಗಳುಗಳು ಬೇಕು. ನಾಲ್ಕು ಮನೆಯವರಲ್ಲಿ ಒಬ್ಬರಾದರೂ ಕೂತು ಒಂದು ಫಾರ್ಮ್ ತುಂಬಿದ್ದರೆ ಮುಗಿಯುತ್ತಿತ್ತು. ತುಂಬಿಲ್ಲ ಅಂದರೆ ನಾಳೆ ಚರಂಡಿ ಕಟ್ಟಿಕೊಂಡಾಗಲೂ ಇದೇ ಕಥೆ. ಅದನ್ನೂ ಬಿಟ್ಟೆವು.

ನೋಡಲು ಹೋದಾಗ

ಇದು ಬೇಗ ಮುಗಿಸುತ್ತೇನೆ. ಮಳೆ ಬರುವ ದಿನ ಹೋಗಿ. ಬೂಷ್ಟು ವಾಸನೆ ಕೊಡಗಿನವರ ಮೂಗಿಗೆ ತಪ್ಪುವುದಿಲ್ಲ, ಆದರೂ ಕಪಾಟಿನ ಹಿಂದೆ, ಮಂಚದ ಮೂಲೆಯಲ್ಲಿ ಗೋಡೆಗೆ ಕೈ ಇಟ್ಟು ನೋಡಿ. ಹೊಸದಾಗಿ ಒಂದೇ ಗೋಡೆಗೆ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ. ಕೆಳಗಿನ ನೋಟಿಸ್ ಬೋರ್ಡಿನ ಫೋಟೋ ತೆಗೆಯಿರಿ. ಕಸದ ಕೋಣೆ ತೆರೆದು ನೋಡಿ, ಮ್ಯಾನೇಜ್‌ಮೆಂಟ್ ಕಂಪನಿಯ ಬಗ್ಗೆ ಏಜೆಂಟ್ ಹೇಳದ್ದನ್ನು ಅದು ಹೇಳುತ್ತದೆ. ಮೆಟ್ಟಿಲಲ್ಲಿ ಯಾರಾದರೂ ಸಿಕ್ಕರೆ ಮಾತಾಡಿಸಿ.

ಲೀಸ್‌ನಲ್ಲಿ ಏನೇನು ಮಾಡುವ ಹಾಗಿಲ್ಲ ಅಂತಲೂ ಓದಿ. ನನ್ನದರಲ್ಲಿ ಮರದ ನೆಲಹಾಸು ಹಾಕುವ ಹಾಗಿರಲಿಲ್ಲ, ನಾಯಿ ಸಾಕುವ ಹಾಗಿರಲಿಲ್ಲ, ಅನುಮತಿ ಇಲ್ಲದೆ ಬಾಡಿಗೆಗೆ ಕೊಡುವ ಹಾಗಿರಲಿಲ್ಲ. ಪುತ್ತರಿಗೆ ಅಂತ ಬಂದು ಆರು ತಿಂಗಳು ಊರಲ್ಲೇ ಉಳಿಯುವ ಯೋಚನೆ ಇದ್ದರೆ ಆ ಕೊನೆಯದು ಮುಖ್ಯ. ಒಣಮೀನು ಹುರಿಯಬಾರದು ಅಂತ ಎಲ್ಲೂ ಬರೆದಿರುವುದಿಲ್ಲ, ಆದರೆ ದೂರು ಬರುತ್ತದೆ.

ಊರಿನ ಆಸ್ತಿ ಅಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ

ಇದನ್ನು ಅಲ್ಲಿಯ ಸಲಹೆಗಾರರು ನೀವಾಗಿ ಹೇಳದಿದ್ದರೆ ಕೇಳುವುದೇ ಕಡಿಮೆ. ಇಂಗ್ಲೆಂಡಿನಲ್ಲಿ ಮೊದಲ ಬಾರಿ ಮನೆ ಕೊಳ್ಳುವವರಿಗೆ 3 ಲಕ್ಷ ಪೌಂಡ್‌ವರೆಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ. ಆದರೆ 'ಮೊದಲ ಬಾರಿ' ಅಂದರೆ ಪ್ರಪಂಚದಲ್ಲೇ ಮೊದಲ ಬಾರಿ. ಊರಲ್ಲಿ ಪಿತ್ರಾರ್ಜಿತವಾಗಿ ಬಂದ ಮನೆ, ಉಡುಗೊರೆಯಾಗಿ ಬಂದ ಮನೆ, ಎಲ್ಲ ಲೆಕ್ಕಕ್ಕೆ ಬರುತ್ತದೆ.

ತಮ್ಮ ಕುಶಾಲನಗರದಲ್ಲಿರುವ ಸಣ್ಣ ಮನೆಯನ್ನು ಮಗಳ ಹೆಸರಿಗೆ ದಾನಪತ್ರ ಮಾಡಲು ಆ ತಿಂಗಳೇ ದಿನ ಗೊತ್ತು ಮಾಡಿದ್ದ! ಮದುವೆಗೆ ಮುಂಚೆ ಮಾಡಿಬಿಡೋಣ ಅಂತ. ಮನೆಗೆ ಏನಿಲ್ಲವೆಂದರೂ 60 ಲಕ್ಷ. ಮಾಡಿದ್ದರೆ ಅವಳು ಮೊದಲ ಬಾರಿ ಕೊಳ್ಳುವವಳು ಅಲ್ಲ ಅಂತಾಗುತ್ತಿತ್ತು. 40 ಸಾವಿರ ಪೌಂಡ್ ಅಥವಾ ಅದಕ್ಕೂ ಹೆಚ್ಚು ಬೆಲೆಯ ಮನೆ ಬೇರೆ ಎಲ್ಲೇ ಇದ್ದರೂ 5% ಹೆಚ್ಚುವರಿ ತೆರಿಗೆ ಬೀಳುತ್ತದೆ. 1,78,000ದ ಫ್ಲಾಟ್‌ಗೆ ಸೊನ್ನೆ ಇದ್ದದ್ದು 9,960 ಪೌಂಡ್ ಆಗುತ್ತಿತ್ತು. ಅವಳು ಲೈಫ್‌ಟೈಮ್ ಐಸಾ ಅನ್ನುವ ಉಳಿತಾಯ ಖಾತೆಯಲ್ಲಿ ಉಳಿಸುತ್ತಿದ್ದಾಳೆ. ವರ್ಷಕ್ಕೆ 4,000 ಹಾಕಿದರೆ ಸರ್ಕಾರ 1,000 ಸೇರಿಸುತ್ತದೆ. ಅದನ್ನು ಮನೆಗೆ ಬಳಸಲೂ ಇದೇ ಷರತ್ತು. ಬೇರೆ ಕಾರಣಕ್ಕೆ ಮೊದಲೇ ತೆಗೆದರೆ ಒಟ್ಟು ಮೊತ್ತದ ಕಾಲು ಭಾಗ ದಂಡ, ಅಂದರೆ ನಾವು ಹಾಕಿದ್ದರಲ್ಲೂ ಸ್ವಲ್ಪ ಹೋಗುತ್ತದೆ. ದಾನಪತ್ರ ನಿಂತಿತು.

ಐನ್‌ಮನೆಯ ವಿಷಯ ಇನ್ನೂ ಗೋಜಲು. ಜಮ್ಮಾ ಆಸ್ತಿಯಲ್ಲಿ, ಅಂದರೆ ಕುಟುಂಬಕ್ಕೆ ತಲೆಮಾರುಗಳಿಂದ ಬಂದ ಜಮೀನಿನಲ್ಲಿ, ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರು ಒಂದು, ಹಕ್ಕಿನ ಮಾತು ಬಂದರೆ ಇಪ್ಪತ್ತು ಜನ. ಇದನ್ನು ಮುಚ್ಚಿಡಬೇಡಿ. ಯಾರ ಹೆಸರಲ್ಲಿದೆ, ನಿಮಗೆ ಏನಾದರೂ ಪಾಲು ಬಂದಿದೆಯಾ, ಅಲ್ಲಿರುವುದು ಬರೀ ತೋಟವಾ ಮನೆಯೂ ಇದೆಯಾ ಎಲ್ಲ ಸಾಲಿಸಿಟರ್‌ಗೆ ಬರೆದು ಕಳಿಸಿ. ಅವರ ಉತ್ತರವನ್ನೂ ಬರಹದಲ್ಲೇ ಪಡೆದು ಇಟ್ಟುಕೊಳ್ಳಿ. ಬರೀ ಕಾಫಿ ತೋಟ ಮನೆಯಲ್ಲ, ಆದರೆ ತೋಟದೊಳಗಿನ ಮನೆ ಮನೆಯೇ.

ಊರಿಂದ ದುಡ್ಡು ಕಳಿಸುವುದಾದರೆ ಮೂರು ತಿಂಗಳು ಮೊದಲೇ ಶುರು ಮಾಡಿ. ಒಬ್ಬರು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. 10 ಲಕ್ಷ ರೂಪಾಯಿ ಮೀರಿದ್ದಕ್ಕೆ ಬ್ಯಾಂಕ್ 20% ಟಿಸಿಎಸ್ (ಮೊದಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತದೆ, ಅದನ್ನು ಆಮೇಲೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಅಲ್ಲಿಯ ಸಾಲಿಸಿಟರ್ 'ಈ ದುಡ್ಡು ಎಲ್ಲಿಂದ ಬಂತು' ಅಂತ ಬೇರು ಸಮೇತ ಕೇಳುತ್ತಾರೆ. ಕಾಫಿ ಮಾರಿದ್ದು ಅಂದರೆ ಸಾಲದು, ಚೀಟಿ ಬೇಕು. ತಮ್ಮ ಮೂರು ವರ್ಷದ ಚೀಟಿಗಳನ್ನು ಅಕ್ಕಿ ಡಬ್ಬದಿಂದ, ಕ್ಯಾಲೆಂಡರ್ ಹಿಂದಿನಿಂದ, ಜೀಪಿನ ಸೀಟಿನಡಿಯಿಂದ ಹೆಕ್ಕಿ ತಂದ.

ಈಗ ಎಲ್ಲಿದ್ದೇವೆ

ಮೊದಲನೇ ಫ್ಲಾಟ್‌ಗೆ 1,66,000 ಅಂತ ಕೇಳಿದಳು. ಲೀಸ್ ಬೆಳೆಸುವ ಖರ್ಚಿನ ಅಂದಾಜನ್ನು ಸರ್ವೇಯರ್‌ನಿಂದ ಬರೆಸಿ ಜೊತೆಗೆ ಕಳಿಸಿದ್ದಳು. ಎರಡು ವಾರ ಎಳೆದಾಡಿ 1,69,000ಕ್ಕೆ ಒಪ್ಪಿದರು. ಸಾಲಿಸಿಟರ್‌ರನ್ನು ಏಜೆಂಟ್ ಹೇಳಿದ ಕಡೆಯಿಂದ ತೆಗೆದುಕೊಳ್ಳದೆ, ಆಸ್ಪತ್ರೆಯಲ್ಲಿ ಜೊತೆಗೆ ಕೆಲಸ ಮಾಡುವವರನ್ನು ಕೇಳಿ, ಲೀಸ್‌ಹೋಲ್ಡ್ ಕೆಲಸವನ್ನೇ ಜಾಸ್ತಿ ಮಾಡುವ ಒಬ್ಬರನ್ನು ಹಿಡಿದಳು. ಅಲ್ಲಿ 'ಎಕ್ಸ್‌ಚೇಂಜ್', ಅಂದರೆ ಎರಡೂ ಕಡೆಯವರು ಸಹಿ ಹಾಕಿದ ಕರಾರು ಬದಲಾಯಿಸಿಕೊಳ್ಳುವುದು, ಆಗುವವರೆಗೆ ಯಾರು ಬೇಕಾದರೂ ಮಾತು ಮುರಿಯಬಹುದು, ಕೇಸಿಲ್ಲ ಕೋರ್ಟಿಲ್ಲ. ಎಕ್ಸ್‌ಚೇಂಜ್ ದಿನ ಸಾಮಾನ್ಯವಾಗಿ 10% ಕೊಡಬೇಕು. ಆಮೇಲೆ ಹಿಂದೆ ಸರಿದರೆ ಆ ದುಡ್ಡು ಹೋದ ಹಾಗೆ. ಆದ್ದರಿಂದ ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಸಿಗಬೇಕಾದ್ದು ಅದಕ್ಕೆ ಮೊದಲೇ.

ಕಳಿಸಿದ ಹನ್ನೊಂದು ಪ್ರಶ್ನೆಗಳಲ್ಲಿ ಹತ್ತಕ್ಕೆ ಉತ್ತರ ಬಂದಿದೆ. ಬಾಕಿ ಇರುವುದು ಏಳನೆಯದು, ಮಾಡಿನದ್ದು. ಏಜೆಂಟ್ ದಿನಕ್ಕೆರಡು ಸಲ ಫೋನ್ ಮಾಡಿ "ಬೇರೆಯವರೂ ನೋಡುತ್ತಿದ್ದಾರೆ, ಬೇಗ ಮಾಡಿ" ಅನ್ನುತ್ತಿದ್ದಾನಂತೆ. "ಅತ್ತೆ, ಏನು ಮಾಡ್ಲಿ?" ಅಂತ ನಿನ್ನೆ ರಾತ್ರಿ ಕೇಳಿದಳು. ಏಳನೆಯದಕ್ಕೆ ಉತ್ತರ ಬರುವವರೆಗೆ ಫೋನ್ ಎತ್ತಬೇಡ, ಹೋಗಿ ಮಲಗು ಅಂದೆ.